ಸುಳ್ಳು ಸೋಸಿದ ಬೇಸಿಗೆ

ಆ ಬೇಸಿಗೆಯಲ್ಲಿ ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿ ಸಾರಿನ ಬಣ್ಣವೇ ಬದಲಾಗಿಬಿಟ್ಟಿತ್ತು. ಯಾರ ಅಡುಗೆಮನೆಗೆ ಇಣುಕಿದರೂ ಪೇಲವ ಸಾರು, ಬಿಳಿಚಿಕೊಂಡ ಪಲ್ಯ. ಒಗ್ಗರಣೆಗೆ ಚಿಟಿಕೆ ಅರಿಶಿನ ಹಾಕುವವರಿಲ್ಲ. ಯಾಕ್ರೀ ಅಂದರೆ, ಅರಿಶಿನ ತಿಂದರೆ ಕಾಮಾಲೆ ಬರುತ್ತಂತೆ. ಯಾರು ಹೇಳಿದ್ದು? ಎಲ್ಲರೂ ಹೇಳ್ತಿದಾರೆ. ಆ ‘ಎಲ್ಲರೂ’ ಎನ್ನುವ ಮಹಾನುಭಾವರನ್ನು ಹುಡುಕಿಕೊಂಡು ನಾನು ಬೇಸಿಗೆಯಿಡೀ ಅಲೆದೆ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾನು ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಶಿಕ್ಷಕಿಯಾಗಿದ್ದೆ. ಇಂಜೆಕ್ಷನ್ ಕೊಡುವುದು ನನ್ನ ಕೆಲಸವಲ್ಲ, ಮಾತಾಡುವುದು ನನ್ನ ಕೆಲಸ. “ಬಾಯಿ ಮಾಡೋಕೆ ಸಂಬಳ ತಗೊಳ್ಳೋಳು ಇಡೀ ಚಾಮರಾಜಪೇಟೆಯಲ್ಲಿ ನೀನೊಬ್ಬಳೇ” ಎಂದು ನನ್ನ ಯಜಮಾನರು ಛೇಡಿಸುತ್ತಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದೂ ಬೇಗ. ಈ ಕೆಲಸಕ್ಕೆ ಮೊದಲನೆಯದು ಆಗಿಬರುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು, ಆದರೂ ಬರುತ್ತಿತ್ತು.

ಕಾಮಾಲೆ ಮೊದಲು ಕಾಣಿಸಿಕೊಂಡದ್ದು ರಸ್ತೆ ಅಗೆದಿದ್ದ ಕಡೆಯ ಮನೆಗಳಲ್ಲಿ. ಆ ಬೀದಿಯಲ್ಲಿ ಕುಡಿಯುವ ನೀರಿನ ಹಳೆಯ ಪೈಪೂ ಒಳಚರಂಡಿಯ ಪೈಪೂ ಒಂದರ ಪಕ್ಕ ಒಂದು ಮಲಗಿದ್ದವು. ಮನೆಗಳೆಲ್ಲ ಹಳೆಯವು. ನೀರು ರಭಸವಾಗಿ ಏರುವುದಿಲ್ಲವೆಂದು ನೆಲ ತೋಡಿ, ಗುಂಡಿಯೊಳಗೆ ನಲ್ಲಿ ಕೂರಿಸಿದ್ದರು. ನೀರು ನಿಂತ ಮೇಲೆ ಆ ಗುಂಡಿಯ ಕೊಳಕೆಲ್ಲ ಪೈಪಿನೊಳಕ್ಕೆ ವಾಪಸು ಹೋಗುತ್ತಿತ್ತು. ನೀರು ವಾಸನೆ ಬರುತ್ತಿದೆ ಎಂದು ಜನ ಹೇಳತೊಡಗಿದರು. ಪರೀಕ್ಷೆಗೆ ಕಳಿಸಿದ್ದ ನೀರಿನ ಫಲಿತಾಂಶ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಮೇಲಿನ ಕಚೇರಿಯಿಂದ ಅಪ್ಪಣೆಯಾಯಿತು: ಜನರ ಗಾಬರಿ ಹೋಗಲಾಡಿಸಿ. ನಾವು ಆಟೋಗೆ ಮೈಕು ಕಟ್ಟಿ ಕೂಗಿಸಿದೆವು. “ಕೊಳಾಯಿ ನೀರು ಶುದ್ಧವಾಗಿದೆ, ಸಾರ್ವಜನಿಕರು ಗಾಳಿಸುದ್ದಿಗೆ ಕಿವಿಗೊಡಬಾರದು.”

ಆಮೇಲೆ ಫಲಿತಾಂಶ ಬಂತು. ನೀರು ಕೆಟ್ಟಿತ್ತು.

ಮರುದಿನವೇ ಕರಪತ್ರ ಮಾಡಿಸಲು ಹೊರಟೆವು. ನಮ್ಮ ಡಾಕ್ಟರು ನಿವೃತ್ತಿಯ ಹತ್ತಿರ ಬಂದಿದ್ದ ಸಂಭಾವಿತರು. ಕಾಗದ ಹಾಳು ಮಾಡುವುದೆಂದರೆ ಅವರಿಗೆ ಮೈಮೇಲೆ ಹುಳು ಹರಿದ ಹಾಗೆ. “ಒಂದು ಮಗ್ಗುಲಲ್ಲಿ ಜನ ಏನು ಹೇಳ್ತಿದಾರೆ ಅನ್ನೋದು ಹಾಕಿ, ಇನ್ನೊಂದು ಮಗ್ಗುಲಲ್ಲಿ ನಿಜ ಏನು ಅನ್ನೋದು ಹಾಕಿ. ಓದೋರಿಗೂ ಸ್ಪಷ್ಟವಾಗಿರುತ್ತೆ” ಎಂದರು. ನನಗೂ ಸರಿ ಅನ್ನಿಸಿತು. ಪೇಟೆಯ ಪ್ರೆಸ್ಸಿನವರು ಮುಂದಿನ ಮಗ್ಗುಲಿಗೆ ದಪ್ಪಕ್ಷರ ಜೋಡಿಸಿಕೊಟ್ಟರು. ಅರಿಶಿನ ತಿಂದರೆ ಕಾಮಾಲೆ ಬರುತ್ತದೆ! ಕಾಯಿಸಿದ ನೀರು ಉಷ್ಣ, ಕಾಮಾಲೆ ಹೆಚ್ಚುತ್ತದೆ! ಹೀಗೆ ಸಾಲಾಗಿ. ಇದೆಲ್ಲ ಸುಳ್ಳು ಎಂದು ಬರೆದದ್ದು ಹಿಂದಿನ ಮಗ್ಗುಲಲ್ಲಿ.

ಮನೆಮನೆಗೆ ಹಂಚಿ, “ನೀರು ಹಿಡಿಯೋ ಜಾಗದಲ್ಲೇ ಅಂಟಿಸಿಕೊಳ್ಳಿ” ಎಂದು ಹೇಳಿಬಂದೆ. ಜನ ಬಹಳ ಒಳ್ಳೆಯವರು, ಹೇಳಿದ ಹಾಗೇ ಮಾಡಿದರು. ನಾಲ್ಕು ಅಗುಳು ಅನ್ನ ಹಿಸುಕಿ, ಕಾಗದದ ಬೆನ್ನಿಗೆ ಬಳಿದು, ನಲ್ಲಿಯ ಮೇಲಿನ ಗೋಡೆಗೆ ಒತ್ತಿ ಅಂಟಿಸಿದರು. ನಿಜವೆಲ್ಲ ಗೋಡೆಗೆ ಮುಖ ಮಾಡಿ ಕೂತಿತು. ಸುಳ್ಳು ದಪ್ಪಕ್ಷರದಲ್ಲಿ, ನಮ್ಮ ಕೇಂದ್ರದ ಮೊಹರಿನ ಸಮೇತ, ಎಲ್ಲರಿಗೂ ಕಾಣುವ ಹಾಗೆ.

“ನಿಮ್ಮ ಪೇಪರಿನಲ್ಲೇ ಹಾಕಿದೀರಲ್ಲ ಮೇಡಂ” ಎಂದು ಒಬ್ಬಾಕೆ ಗೋಡೆ ತೋರಿಸಿದಾಗ ನಾನು ಅಲ್ಲೇ ನಲ್ಲಿಗುಂಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಜೊತೆಗಿದ್ದ ಸಿಸ್ಟರ್‌ಗೆ ನಗು ತಡೆಯಲಾಗಲಿಲ್ಲ. ನನಗೆ ಅಳು ಬರುವಂತಿತ್ತು, ಅವಳನ್ನು ನೋಡಿ ನನಗೂ ನಗು ಬಂತು. ಉಗುರಿನಿಂದ ಕೆರೆದು ಕಿತ್ತರೂ ಅನ್ನದ ಅಂಟು ಬಿಡಲಿಲ್ಲ.

ಸಿಸ್ಟರ್ ಕೇಂದ್ರದ ನರ್ಸು. ನನಗಿಂತ ಚಿಕ್ಕವಳು, ನನಗಿಂತ ಸಮಾಧಾನಿ. ಬೆಳಗ್ಗೆ ನೀರು ಬಿಡುವ ಹೊತ್ತಿಗೆ ಇಬ್ಬರೂ ಕ್ರಾಸಿಗೆ ಹೋಗುತ್ತಿದ್ದೆವು, ಆಗ ಎಲ್ಲರೂ ನಲ್ಲಿಯ ಹತ್ತಿರ ಸಿಗುತ್ತಿದ್ದರು. ಸಿಸ್ಟರ್ ಪ್ರತಿ ನಲ್ಲಿಯ ನೀರನ್ನೂ ಸಣ್ಣ ಗಾಜಿನ ನಳಿಕೆಗೆ ಹಿಡಿದು ನಾಲ್ಕಾರು ಹನಿ ಔಷಧಿ ಹಾಕುತ್ತಿದ್ದಳು. ನೀರು ಹಳದಿಗೆ ತಿರುಗಿದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಕ್ರಿಮಿ ಕೊಲ್ಲುವ ಔಷಧಿ ಉಳಿದಿದೆ ಎಂದು ಅರ್ಥ. ಬಣ್ಣ ಬರದೆ ತಿಳಿಯಾಗಿಯೇ ಉಳಿದರೆ ಔಷಧಿ ಇಲ್ಲ, ಕೊಳಕು ಸೇರಿರಬಹುದು. ಸುತ್ತ ನಿಂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನಾವು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆವು.

ಮೂಲೆಮನೆ ಎಂದು ಎಲ್ಲರೂ ಕರೆಯುತ್ತಿದ್ದ ಮನೆಗೆ ಹೀಗೇ ಹೋದೆವು. ಆ ಮನೆಯ ಯಜಮಾನಿ ಕ್ರಾಸಿಗೆಲ್ಲ ಹಿರಿಯರು. ಯಾರ ಮನೆಯಲ್ಲಿ ಬಸುರಿ ಇದ್ದರೂ ಬಾಣಂತಿ ಇದ್ದರೂ ಏನು ಕೊಡಬೇಕು, ಏನು ಕೊಡಬಾರದು ಎಂದು ಕೇಳುತ್ತಿದ್ದದ್ದು ಅವರನ್ನೇ. ಅವರ ಮಗಳು ಏಳನೇ ತಿಂಗಳ ಬಸುರಿ, ಮೊದಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಪಕ್ಕದ ಮನೆಯಲ್ಲಿ ಕಾಮಾಲೆಯಾಗಿ ಇಬ್ಬರು ಮಲಗಿದ್ದರು.

“ಬಿಸಿಲಲ್ಲಿ ಬಂದಿದೀರಾ, ಕೂತ್ಕೊಳ್ಳಿ” ಎಂದು ಯಜಮಾನಿ ಎರಡು ಲೋಟ ಮಜ್ಜಿಗೆ ತಂದಿಟ್ಟರು. ಇಂಗು, ಕರಿಬೇವು, ಘಮಘಮ ಅನ್ನುತ್ತಿತ್ತು. ಮಗಳ ಕೈಯಲ್ಲೂ ಅದೇ ಲೋಟ.

“ಇದಕ್ಕೆ ಕಾಯಿಸಿದ ನೀರು ಹಾಕಿದೀರಾ ಅಮ್ಮ?”

“ಮಜ್ಜಿಗೆಗೆ ಯಾರಾದ್ರೂ ಕಾಯಿಸಿದ ನೀರು ಹಾಕ್ತಾರೇನ್ರೀ? ಮಗು ಹೊಟ್ಟೇಲಿದೆ. ಕಾದ ನೀರು ಉಷ್ಣ. ಕಾಮಾಲೆ ಬರೋದೇ ಉಷ್ಣಕ್ಕೆ. ಅದಕ್ಕೇ ಪುಟ್ಟಿಗೆ ಎರಡು ಹೊತ್ತು ಮಜ್ಜಿಗೆ, ಒಂದು ಹೊತ್ತು ಪಾನಕ, ಎಲ್ಲಾ ತಂಪಾಗಿರೋದೇ ಕೊಡ್ತಿದೀನಿ.”

“ನಲ್ಲಿ ನೀರು ಕೆಟ್ಟಿದೆ ಅಮ್ಮ.”

“ನೀರು ಚೆನ್ನಾಗಿದೆ ಅಂತ ಮೈಕಲ್ಲಿ ಕೂಗಿಸಿದ್ದು ಯಾರು? ಚೆನ್ನಾಗಿರೋ ನೀರನ್ನ ಯಾಕ್ರೀ ಕಾಯಿಸ್ಬೇಕು? ಅದೂ ಅಲ್ದೆ, ನಿಮ್ಮ ಸಿಸ್ಟರೇ ಹನಿ ಹಾಕಿ ನೋಡಿದ್ರಲ್ಲ. ಆಚೆ ಮನೆ ನೀರು ಹಳದಿ ಆಯ್ತು. ನಮ್ಮನೇದು ಬೆಳ್ಳಗೆ ಹಾಗೇ ಇತ್ತು.”

ನನ್ನ ಸಿಟ್ಟು ಆ ಹೊತ್ತಿಗೆ ನೆತ್ತಿಗೇರಿತ್ತು. ಅವರ ಕೊನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. “ನೀವು ಪ್ರೀತಿಯಿಂದ ಕೊಡ್ತಿರೋದು ಮಗಳಿಗೆ ವಿಷ ಅಮ್ಮ” ಎಂದುಬಿಟ್ಟೆ. ಮಜ್ಜಿಗೆಯನ್ನು ಬಾಯಿಗಿಡದೆ ಕೆಳಗಿಟ್ಟೆ.

ಯಜಮಾನಿಯ ಮುಖ ಕೆಂಪಾಯಿತು. ಲೋಟ ಎತ್ತಿಕೊಂಡರು. “ಇಷ್ಟು ವರ್ಷದಲ್ಲಿ ಈ ಮನೇಲಿ ಕೊಟ್ಟಿದ್ದನ್ನ ಕುಡೀದೆ ಎದ್ದು ಹೋದೋರು ಯಾರೂ ಇಲ್ಲ. ನೀವು ಹೊರಡಿ” ಎಂದರು. ಮಗಳು, “ಅಮ್ಮಾ, ಇರಲಿ ಬಿಡು” ಎಂದು ಮೆಲ್ಲಗೆ ಅಂದಳು. ಬಾಗಿಲು ಹಾಕಿಕೊಂಡಿತು. ಆಮೇಲಿನ ದಿನಗಳಲ್ಲಿ ನಾವು ಆ ಕಡೆ ಹೋದರೆ ಕಿಟಕಿಯೂ ಹಾಕಿಕೊಳ್ಳುತ್ತಿತ್ತು.

ಕೇಂದ್ರಕ್ಕೆ ಬಂದು ಡಾಕ್ಟರ ಮುಂದೆ ಹೇಳಿಕೊಂಡೆ. ಅವರು ಕನ್ನಡಕ ತೆಗೆದಿಟ್ಟರು. “ಬೇರೆಯವರಿಗೆ ಈ ಕಾಮಾಲೆ ಬಂದ್ರೆ ಸ್ವಲ್ಪ ದಿನ ಮಲಗಿ ಎದ್ದುಬಿಡ್ತಾರೆ. ದಿನ ತುಂಬ್ತಿರೋ ಬಸುರಿಗೆ ಬಂದ್ರೆ ಹಾಗಲ್ಲ ಮೇಡಂ. ತಾಯಿನೇ ಕೈಗೆ ಸಿಗದೆ ಹೋಗಬಹುದು. ಆ ಹುಡುಗಿ ಹಸಿ ನೀರು ಕುಡಿಯೋದು ಮೊದಲು ನಿಲ್ಲಬೇಕು.”

ಪುಟ್ಟಿಯ ಕೈಯಲ್ಲಿದ್ದ ಲೋಟವೇ ಕಣ್ಣಮುಂದೆ. ಆ ಬಾಗಿಲು ತೆರೆಸಬೇಕಾದವಳು ನಾನು, ಮುಚ್ಚಿಸಿಕೊಂಡು ಬಂದವಳೂ ನಾನೇ.

ಮಧ್ಯಾಹ್ನ ಕೆಲಸವಿಲ್ಲದ ಹೊತ್ತಿನಲ್ಲಿ ಸಿಸ್ಟರ್‌ನ ಕೂರಿಸಿಕೊಂಡೆ. ಕೇಂದ್ರದ ಗೋಡೆಯಲ್ಲಿ ಪೋಲಿಯೋ ಹನಿಯ ದಿನ ಬರೆಯುವ ಒಂದು ಕರಿಹಲಗೆ ಇತ್ತು. ಅದನ್ನು ಒರೆಸಿ, ಅಲ್ಲಿಯವರೆಗೆ ಕೇಳಿದ ಸುಳ್ಳುಗಳನ್ನೆಲ್ಲ ಸುಣ್ಣದ ಕಡ್ಡಿಯಲ್ಲಿ ಬರೆದೆವು. ಅರಿಶಿನದ್ದು. ಉಷ್ಣದ್ದು. ಸೈಕಲ್ಲಿನ ಮೇಲೆ ಒಬ್ಬ ಮಾರಿಕೊಂಡು ಬರುತ್ತಿದ್ದ ‘ನೀರುಶುದ್ಧಿ ಕಲ್ಲಿನದ್ದು’, ಅದನ್ನು ಬಿಂದಿಗೆಗೆ ಹಾಕಿದರೆ ಕಾಯಿಸುವುದೇ ಬೇಡವಂತೆ. ಮನೆಯಿಂದ ಮನೆಗೆ ಓಡಾಡುತ್ತಿದ್ದ ಒಂದು ಜೆರಾಕ್ಸ್ ಕಾಗದದ್ದು: ಊರಿನ ನೀರನ್ನೆಲ್ಲ ನಿಲ್ಲಿಸಿಬಿಡುತ್ತಾರೆ, ತುಂಬಿಸಿಟ್ಟುಕೊಳ್ಳಿ ಎಂಬ ಪತ್ರಿಕೆಯ ಸುದ್ದಿ. ಅದು ಬೇರೆ ಯಾವುದೋ ಊರಿನದು, ಯಾವುದೋ ಕಾಲದ್ದು.

ಡಾಕ್ಟರು ಊಟ ಮುಗಿಸಿ ಬಂದು ನೋಡಿದರು. “ಸುಳ್ಳು ಅಂದ್ರೆ ಸುಳ್ಳು ಕಣಮ್ಮ. ಇದರಲ್ಲೇನು ವಿಂಗಡಣೆ? ಸುಳ್ಳಿಗೂ ಜಾತಿ ಸರ್ಟಿಫಿಕೇಟ್ ಕೊಡ್ತೀರಾ?”

“ಎಲ್ಲಾ ಜ್ವರಕ್ಕೂ ಒಂದೇ ಮಾತ್ರೆ ಕೊಡ್ತೀರಾ ಸರ್ ನೀವು?” ಎಂದೆ.

ಅವರು ನಕ್ಕು ಕುರ್ಚಿ ಎಳೆದುಕೊಂಡರು. “ಸರಿ. ಹಾಗಾದ್ರೆ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಹೇಳೋರಿಗೆ ಅದು ಸುಳ್ಳು ಅಂತ ಗೊತ್ತಾ? ಹೇಳೋದರಿಂದ ಯಾರಿಗೆ ಲಾಭ? ನಂಬಿದ್ರೆ ಯಾರಿಗೆ ನಷ್ಟ?”

ಆ ಪ್ರಶ್ನೆಗಳು ನಮ್ಮ ತಲೆಯನ್ನು ತಿಳಿಯಾಗಿಸಿದವು. ಕಲ್ಲು ಮಾರುವವನಿಗೆ ಗೊತ್ತು, ಲಾಭವೂ ಅವನದೇ. ಇದು ವ್ಯಾಪಾರದ ಸುಳ್ಳು. ಇವನೊಂದಿಗೆ ವಾದ ಮಾಡಿ ಪ್ರಯೋಜನವಿಲ್ಲ, ದೂರು ಕೊಟ್ಟು ನಿಲ್ಲಿಸಬೇಕು. ಅರಿಶಿನದ್ದು ಹೆದರಿಕೆಯ ಸುಳ್ಳು. ಯಾರಿಗೂ ಲಾಭವಿಲ್ಲ, ಸಾರು ಕೆಡುವುದು ಬಿಟ್ಟರೆ ನಷ್ಟವೂ ಇಲ್ಲ. ಅದನ್ನು ಅದರ ಪಾಡಿಗೆ ಬಿಡೋಣ, ಅದರ ಹಿಂದೆ ಓಡಾಡಿದಷ್ಟೂ ಅದೇ ಬೆಳೆಯುತ್ತದೆ ಎಂದಳು ಸಿಸ್ಟರ್. ಅರಿಶಿನವಿಲ್ಲದ ಸಾರಿನ ಮೇಲೆ ನಾನು ಸಾರಿದ್ದ ಯುದ್ಧ ಅಲ್ಲಿಗೆ ಮುಗಿಯಿತು. ಜೆರಾಕ್ಸ್ ಕಾಗದ ಒಂದು ಕಾಲಕ್ಕೆ ನಿಜವೇ ಆಗಿತ್ತು, ಈಗ ಇಲ್ಲಿ ಸುಳ್ಳು. ಹಳಸಿದ ಸುದ್ದಿ ಎಂದು ಬರೆದೆವು. ಅದಕ್ಕೆ ಊರು ಯಾವುದು, ಕಾಲ ಯಾವುದು ಎಂದು ಕೇಳಿದರೆ ಸಾಕು, ಅದೇ ಉದುರುತ್ತದೆ.

ಉಷ್ಣದ ಮುಂದೆ ಸುಣ್ಣದ ಕಡ್ಡಿ ಹಿಡಿದು ಬಹಳ ಹೊತ್ತು ನಿಂತೆ. ಹೇಳುವವರಿಗೆ ಸುಳ್ಳು ಎಂದು ಗೊತ್ತಿಲ್ಲ. ಲಾಭ ಏನಾದರೂ ಇದ್ದರೆ ಅದು ಕೇಳುವವರಿಗೇ ಆಗಲಿ ಎಂಬ ಆಸೆ. ನಷ್ಟ ಎಲ್ಲಕ್ಕಿಂತ ದೊಡ್ಡದು. ‘ಅಕ್ಕರೆಯ ಸುಳ್ಳು’ ಎಂದು ಬರೆದೆ. ಬರೆಯುತ್ತಿದ್ದ ಹಾಗೇ ಮೂಲೆಮನೆಯ ಯಜಮಾನಿಯ ಮೇಲಿದ್ದ ನನ್ನ ಸಿಟ್ಟು ಇಳಿದುಹೋಯಿತು. ಮಗಳಿಗೆ ಒಳ್ಳೆಯದಾಗಲಿ ಎಂದು ಒದ್ದಾಡುತ್ತಿದ್ದ ತಾಯಿಗೆ ನಾನು ವಿಷ ಎಂಬ ಮಾತಾಡಿದ್ದೆ.

“ಆದರೆ ಅವರು ಇನ್ನೊಂದು ಹೇಳಿದ್ರು” ಎಂದೆ. “ಅವರ ಮನೆ ನೀರು ಹಳದಿ ಆಗ್ಲಿಲ್ಲ, ಅದಕ್ಕೇ ಚೆನ್ನಾಗಿದೆ ಅಂತ. ಇದನ್ನ ಅವರಿಗೆ ಯಾರು ಹೇಳಿರಬಹುದು?”

ಸಿಸ್ಟರ್ ಸಣ್ಣ ದನಿಯಲ್ಲಿ, “ಯಾರೂ ಹೇಳಿಲ್ಲ ಮೇಡಂ. ನಾವೇ ತೋರ್ಸಿದ್ದು” ಎಂದಳು.

ಡಾಕ್ಟರು ನೆಟ್ಟಗೆ ಕೂತರು. ಇಡೀ ಪೇಟೆ ಕಾಮಾಲೆ ಕಾಮಾಲೆ ಎಂದು ನಡುಗುತ್ತಿರುವಾಗ, ಕಾಮಾಲೆ ಎಂದರೆ ಹಳದಿ ಎಂದು ಮಕ್ಕಳಿಗೂ ಗೊತ್ತಿರುವಾಗ, ನಾವು ನಡುಬೀದಿಯಲ್ಲಿ ನೀರಿಗೆ ಹನಿ ಹಾಕಿ ಹಳದಿ ಮಾಡಿ ತೋರಿಸುತ್ತಿದ್ದೆವು. ಒಂದು ಮಾತೂ ವಿವರಿಸದೆ ಗುರುತು ಹಾಕಿಕೊಂಡು ಮುಂದಕ್ಕೆ ಹೋಗುತ್ತಿದ್ದೆವು. ಒಳ್ಳೆಯ ನೀರಿನ ಮನೆಯವರು ಹೆದರಿ ನೀರು ಚೆಲ್ಲಿದರು. ಕೆಟ್ಟ ನೀರಿನ ಮನೆಯವರು ಸಂತೋಷದಿಂದ ಕುಡಿದರು. ಇಡೀ ಕ್ರಾಸಿಗೆ ಕ್ರಾಸೇ ತಲೆಕೆಳಗಾಗಿತ್ತು.

ನಾನು ಹಲಗೆಯ ಕೆಳಗೆ ಉಳಿದಿದ್ದ ಜಾಗದಲ್ಲಿ ‘ನಮ್ಮ ಸುಳ್ಳು’ ಎಂದು ಬರೆದೆ. ಅದರ ಕೆಳಗೆ ಹನಿಯ ಪರೀಕ್ಷೆ, ಗೋಡೆಗೆ ಅಂಟಿದ ಕರಪತ್ರ, ಮೈಕಿನ ಆಟೋ. ಉಳಿದ ಎಲ್ಲ ಬಗೆಗಳಿಗಿಂತ ಅದೇ ಉದ್ದವಾಯಿತು. ನೀರು ವಾಸನೆ ಬರುತ್ತಿದೆ ಎಂಬ ಮಾತನ್ನೂ ಮೊದಲು ಸುಳ್ಳುಗಳ ಜೊತೆ ಬರೆದಿದ್ದೆವು. ಅದನ್ನು ಒರೆಸಿದೆವು, ಅದು ನಿಜವಾಗಿತ್ತು.

“ಇದಕ್ಕೇನು ಔಷಧಿ ಸರ್?” ಎಂದೆ.

ಡಾಕ್ಟರು ಕನ್ನಡಕ ಒರೆಸುತ್ತಾ ಕೂತರು. ಮೇಲಿನ ಕಚೇರಿಯವರು ಕೂಗಿಸಿದ್ದನ್ನು ತಪ್ಪು ಎಂದು ಹೇಳುವುದು ಸಣ್ಣ ಮಾತಲ್ಲ. ನಿವೃತ್ತಿಯ ಹೊತ್ತಿನಲ್ಲಿ ನೋಟಿಸು ಯಾರಿಗೆ ಬೇಕು? ಅವರು ಒಲ್ಲೆ ಅಂದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. “ಅದೇ ಆಟೋದವನಿಗೆ ಬೆಳಗ್ಗೆ ಬರೋಕೆ ಹೇಳಿ. ಕೂಗೋಕೆ ಬೇರೆಯವರು ಬೇಡ, ನಾನೇ ಕೂತ್ಕೋತೀನಿ” ಎಂದರು.

ಮರುದಿನ ನೀರು ಬಿಡುವ ಹೊತ್ತಿಗೆ ಆಟೋ ಕ್ರಾಸಿಗೆ ಬಂತು. ಡಾಕ್ಟರಿಗೆ ಮೈಕು ಹಿಡಿದು ಅಭ್ಯಾಸವಿಲ್ಲ, ಮೊದಲು ಬರೀ ಕೆಮ್ಮು ಕೇಳಿಸಿತು. “ನಾನು ಇಲ್ಲಿನ ಡಾಕ್ಟರು ಮಾತಾಡ್ತಿದೀನಿ. ಮೊನ್ನೆ ಇದೇ ಆಟೋದಲ್ಲಿ ನೀರು ಚೆನ್ನಾಗಿದೆ ಅಂತ ನಾವು ಕೂಗಿಸಿದ್ವಿ. ಅದು ತಪ್ಪು. ವಾಸನೆ ಬರುತ್ತೆ ಅಂತ ನೀವು ಹೇಳಿದ್ದೇ ಸರಿ. ಹನಿ ಹಾಕಿದಾಗ ನೀರು ಹಳದಿ ಆದ್ರೆ ಅದು ಕಾಮಾಲೆ ಅಲ್ಲ, ಔಷಧಿ ಇದೆ ಅಂತ. ಬೆಳ್ಳಗೇ ಉಳಿದ್ರೆ ಔಷಧಿ ಇಲ್ಲ ಅಂತ. ಇದನ್ನ ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಇವತ್ತು ಹೇಳ್ತಿದೀನಿ.”

ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಅಂಥ ಮಾತನ್ನು ಮೈಕಿನಲ್ಲಿ ಕೇಳಿ ಯಾರಿಗೂ ಅಭ್ಯಾಸವಿರಲಿಲ್ಲ. ನನಗೆ ಹೆಮ್ಮೆಯಾಯಿತು. ಮೂಲೆಮನೆಯ ಕಿಟಕಿ ಸ್ವಲ್ಪ ತೆರೆದಿತ್ತು. ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನು ಬಂದಾಗ ಡಾಕ್ಟರು, “ಕಾಮಾಲೆ ನಿಲ್ಲಲಿ ಸಾರ್, ಆಮೇಲೆ ಎಷ್ಟು ಪುಟ ಬೇಕಾದ್ರೂ ವಿವರಣೆ ಬರ್ಕೊಡ್ತೀನಿ” ಎಂದು ಇಟ್ಟುಬಿಟ್ಟರು.

ಅದೇ ಸಂಜೆ ಮೂಲೆಮನೆಯ ಬಾಗಿಲು ತಟ್ಟಿದೆ. ಯಜಮಾನಿ ಅಡ್ಡ ನಿಂತರು.

“ಇವತ್ತೇನು ಹೇಳೋಕೆ ಬಂದ್ರಿ?”

“ಹೇಳೋಕಲ್ಲ ಅಮ್ಮ. ಆವತ್ತು ಆಡಬಾರದ ಮಾತಾಡಿದೆ, ತಪ್ಪಾಯ್ತು. ಇವತ್ತು ಕೇಳೋಕೆ ಬಂದೆ. ನೀರು ಕಾಯಿಸ್ಲೇಬೇಕು, ಅದು ಬಿಟ್ರೆ ಬೇರೆ ದಾರಿ ಇಲ್ಲ. ಪುಟ್ಟಿಗೆ ಉಷ್ಣನೂ ಆಗಬಾರದು. ಕಾಯಿಸಿದ ನೀರನ್ನ ತಂಪು ಮಾಡೋದು ಹೇಗೆ, ನೀವೇ ಹೇಳಿ.”

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಒಳಗೆ ಬನ್ನಿ” ಎಂದರು. ಮಜ್ಜಿಗೆ ಮಾತ್ರ ತರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಚೌಕಾಸಿ. ಆರಿಸಿದ ಮೇಲೆ ಮಡಕೆಗೆ ಹಾಕಿಟ್ಟರೆ ಉಷ್ಣ ಹೋಗುತ್ತದಾ? ಹೋಗಬಹುದು, ಆದರೆ ಲಾವಂಚ ಹಾಕಬೇಕು ಎಂದರು ಅವರು. ಲಾವಂಚ ಹಾಕಿ, ಆದರೆ ಆ ಬೇರನ್ನು ನೀರಿನ ಜೊತೆಗೇ ಕುದಿಸಿ ಎಂದೆ ನಾನು. ಕುದಿಸಿದರೆ ಘಮ ಹೋಗುತ್ತದೆ ಎಂದರು. ಸ್ವಲ್ಪ ಹೋಗಲಿ ಅಮ್ಮ ಎಂದೆ. ಮಡಕೆಯನ್ನು ನಲ್ಲಿ ನೀರಲ್ಲಿ ತೊಳೆಯುವ ಹಾಗಿಲ್ಲ, ಕುದಿದ ನೀರಲ್ಲೇ ತೊಳೆಯಬೇಕು ಎಂದಾಗ ಮುಖ ಸಿಂಡರಿಸಿದರು. ಲೋಟ ಅದ್ದಬಾರದು, ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಬೇಕು ಎಂದಾಗ ಮಾತ್ರ, “ನಮ್ಮನೇಲಿ ಮೊದಲಿಂದಲೂ ನೀರಿಗೆ ಯಾರೂ ಕೈ ಅದ್ದಲ್ಲ” ಎಂದು ಗೆದ್ದವರ ಹಾಗೆ ಹೇಳಿದರು. ಮಜ್ಜಿಗೆ, ಪಾನಕ, ಪುಟ್ಟಿ ಬಾಯಿ ಮುಕ್ಕಳಿಸುವ ನೀರು ಎಲ್ಲಕ್ಕೂ ಇದೇ ಮಡಕೆಯ ನೀರು ಎಂದು ಒಪ್ಪಂದವಾಯಿತು. ಪುಟ್ಟಿ ಗೋಡೆಗೆ ಒರಗಿ ಕೂತು ನಗುತ್ತಿದ್ದಳು.

ಸಿಸ್ಟರ್ ಹನಿಯ ಬಾಟಲಿ ತಂದಿದ್ದಳು. ಈ ಸಲ ನಾವು ಹಾಕಲಿಲ್ಲ, ಯಜಮಾನಿಯ ಕೈಗೇ ಕೊಟ್ಟೆವು. ಒಂದು ಲೋಟದಲ್ಲಿ ಅವರ ನಲ್ಲಿಯ ನೀರು, ಇನ್ನೊಂದರಲ್ಲಿ ಅದೇ ನೀರಿಗೆ ಬ್ಲೀಚಿಂಗ್ ಪುಡಿ ಕದಡಿದ ತಿಳಿಯ ಒಂದು ತೊಟ್ಟು. ಎರಡಕ್ಕೂ ಅವರೇ ಹನಿ ಬಿಟ್ಟರು. ಔಷಧಿ ಹಾಕಿದ್ದು ಹಳದಿಯಾಯಿತು. ನಲ್ಲಿಯದು ಹಾಗೇ ಇತ್ತು. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ನಲ್ಲಿ ನೀರಿನ ಲೋಟವನ್ನು ತುಳಸಿಕಟ್ಟೆಯ ಆಚೆ ಚರಂಡಿಗೆ ಚೆಲ್ಲಿ ಬಂದರು.

ಆಮೇಲೆ ನಾವು ಹೆಚ್ಚು ಮಾಡಬೇಕಾಗಲಿಲ್ಲ. ವಾರ ಕಳೆಯುವುದರೊಳಗೆ ಮನೆಮನೆಯಲ್ಲೂ ಮಡಕೆ ಬಂತು. ಪೂಜೆ ಸಾಮಾನು, ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಲ್ಲಿ ಲಾವಂಚ ಖಾಲಿಯಾಯಿತು. ನಮ್ಮ ಕರಪತ್ರ ಮಾಡದ ಕೆಲಸವನ್ನು ಮೂಲೆಮನೆಯ ಜಗುಲಿ ಮಾಡಿತು. ಹೊಸ ಕರಪತ್ರವನ್ನೂ ಅಚ್ಚು ಹಾಕಿಸಿದೆ. ಒಂದೇ ಮಗ್ಗುಲು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ, ಏನು ಮಾಡಬೇಕೆಂಬುದಷ್ಟೇ ಇತ್ತು. ಬೆನ್ನು ಖಾಲಿ ಬಿಟ್ಟಿದ್ದಕ್ಕೆ ಡಾಕ್ಟರು ಹೊಟ್ಟೆ ಉರಿದುಕೊಂಡರು, ಬಾಯಿ ಮಾತ್ರ ಬಿಡಲಿಲ್ಲ.

ಆದರೆ ಪುಟ್ಟಿ ಅದಕ್ಕೆ ಮೊದಲೇ ಕುಡಿದಿದ್ದ ಮಜ್ಜಿಗೆಯ ಲೆಕ್ಕ ಬಾಕಿಯಿತ್ತು. ಈ ಕಾಯಿಲೆ ಒಳಗೆ ಸೇರಿದರೂ ಹೊರಗೆ ಕಾಣಲು ವಾರಗಳು ಬೇಕು. ದಿನಾ ಬೆಳಗ್ಗೆ ಹೋಗುತ್ತಿದ್ದೆ. ನೀರಿನ ವಿಚಾರ ಕೇಳುವ ನೆಪದಲ್ಲಿ ಅವಳ ಕಣ್ಣಿನ ಬಿಳಿಭಾಗ ನೋಡುತ್ತಿದ್ದೆ. ನಾನು ಯಾಕೆ ಬರುತ್ತೇನೆಂದು ಯಜಮಾನಿಗೂ ಗೊತ್ತಿತ್ತು. ಇಬ್ಬರೂ ಆಡಿ ತೋರಿಸಿಕೊಳ್ಳುತ್ತಿರಲಿಲ್ಲ.

ಒಂದು ಬೆಳಗ್ಗೆ ಹೋದಾಗ ಪುಟ್ಟಿ ಬಚ್ಚಲಲ್ಲಿ ವಾಂತಿ ಮಾಡುತ್ತಿದ್ದಳು. ರಾತ್ರಿಯಿಂದ ಊಟ ಸೇರಿಲ್ಲವಂತೆ, ಹೊಟ್ಟೆ ತೊಳಸುತ್ತಿದೆಯಂತೆ. ಕಾಮಾಲೆ ಶುರುವಾಗುವುದೂ ಹೀಗೇ. ಸಿಸ್ಟರ್ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಅವರು ಪುಟ್ಟಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ರೆಪ್ಪೆ ಎಳೆದು ನೋಡಿದರು, ಮೂತ್ರದ ಬಣ್ಣ ಕೇಳಿದರು, ಹೊಟ್ಟೆ ಒತ್ತಿ ನೋಡಿದರು. ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಸಂಜೆಗೆ.

ಯಜಮಾನಿ ನನ್ನನ್ನು ಅಡುಗೆಮನೆಗೆ ಕರೆದರು. ಮಡಕೆಯ ಪಕ್ಕ ನಿಂತು, “ಮಜ್ಜಿಗೆ ಕೊಟ್ಟೋಳು ನಾನೇ ಕಣಮ್ಮ” ಎಂದರು. ಕಣ್ಣಲ್ಲಿ ನೀರು ತುಂಬಿತ್ತು. “ಪುಟ್ಟಿಗೆ ಏನೂ ಆಗಲ್ಲ ಅಂತ ನೀವಾದ್ರೂ ಹೇಳ್ರೀ.”

ಏನೂ ಆಗಲ್ಲ ಅಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸುಲಭದ ಮಾತು! ಹಲಗೆಯ ಮೇಲೆ ನಾನೇ ಬರೆದ ಹೆಸರು ನೆನಪಾಯಿತು. ಇದೂ ಅಕ್ಕರೆಯ ಸುಳ್ಳೇ. ಯಜಮಾನಿ ಮಗಳಿಗೆ ಮಜ್ಜಿಗೆ ಕೊಟ್ಟದ್ದು ಯಾಕೆಂದು ಆ ಕ್ಷಣದಲ್ಲಿ ನನಗೆ ಪೂರ್ತಿ ಅರ್ಥವಾಯಿತು.

“ನನಗೆ ಗೊತ್ತಿಲ್ಲ ಅಮ್ಮ” ಎಂದೆ. “ಗೊತ್ತಾಗೋವರೆಗೂ ಇಲ್ಲೇ ಕೂತಿರ್ತೀನಿ.”

ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಇಡೀ ಮಧ್ಯಾಹ್ನ ಇಬ್ಬರೂ ಬೇಕಿಲ್ಲದಷ್ಟು ಹುರುಳಿಕಾಯಿ ನಾರು ತೆಗೆಯುತ್ತಾ ಕೂತೆವು. ನಡುನಡುವೆ ಪುಟ್ಟಿಯ ಕೋಣೆಗೆ ಹೋಗಿ ಬಂದೆವು.

ಸಂಜೆ ಡಾಕ್ಟರು ಕಾಗದ ಹಿಡಿದುಕೊಂಡು ಬಂದರು. ಮೆಟ್ಟಿಲು ಹತ್ತುವಾಗಲೇ ಅವರ ಮುಖದಲ್ಲಿ ನಗು ಕಂಡಿತು. “ಕಾಮಾಲೆ ಇಲ್ಲ. ಏನಮ್ಮ ಪುಟ್ಟಿ, ನಿನ್ನೆ ಏನು ತಿಂದೆ, ನಿಜ ಹೇಳು.”

ಪುಟ್ಟಿ ತಾಯಿಯ ಮುಖ ನೋಡಿದಳು. “ಮಾವಿನಹಣ್ಣು.”

“ಎಷ್ಟು?”

“ಲೆಕ್ಕ ಇಡ್ಲಿಲ್ಲ ಡಾಕ್ಟರೇ.”

ಉಷ್ಣ ಎಂದು ಯಜಮಾನಿ ಮಾವಿನಹಣ್ಣನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದರಂತೆ. ಏಳು ತಿಂಗಳು ದಾಟಿದ ಬಸುರಿ ಸ್ಟೂಲು ಹಾಕಿಕೊಂಡು ಹತ್ತಿದ್ದಾಳೆ! ಯಜಮಾನಿ ಬೈಯಲು ಬಾಯಿ ತೆರೆದವರು ಮಗಳನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟರು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಆ ತಿಂಗಳ ಕೊನೆಗೆ ರಸ್ತೆಯ ಕೆಳಗೆ ಒಡೆದಿದ್ದ ಪೈಪು ಸಿಕ್ಕಿತು. ಬದಲಾಯಿಸಿದರು, ನಲ್ಲಿಗುಂಡಿಗಳನ್ನೂ ಮುಚ್ಚಿಸಿದರು. ಹೊಸ ಕಾಮಾಲೆಯ ರೋಗಿಗಳು ಬರುವುದು ಕಡಿಮೆಯಾಗುತ್ತಾ ಹೋಗಿ ನಿಂತಿತು. ಹಲಗೆ ಒರೆಸಿ ಪೋಲಿಯೋ ಹನಿಯ ದಿನ ಬರೆದೆವು. ಕ್ರಾಸಿನ ಸಾರು, ನಾವು ಯಾರೂ ಏನೂ ಹೇಳದೆಯೇ, ತನ್ನ ಪಾಡಿಗೆ ಹಳದಿಗೆ ತಿರುಗಿತು. ಡಾಕ್ಟರಿಗೆ ನೋಟಿಸು ಬರಲಿಲ್ಲ, ಮೆಚ್ಚುಗೆಯೂ ಬರಲಿಲ್ಲ.

ಪುಟ್ಟಿಗೆ ಹೆಣ್ಣುಮಗುವಾಯಿತು. ನಾಮಕರಣಕ್ಕೆ ನಮ್ಮ ಮೂವರನ್ನೂ ಕರೆದಿದ್ದರು. ತೊಟ್ಟಿಲ ಸುತ್ತ ಕ್ರಾಸಿನ ಹೆಂಗಸರೆಲ್ಲ ನೆರೆದಿದ್ದರು, ಅವರ ನಡುವೆ ಮತ್ತೊಬ್ಬ ಹೊಸ ಬಸುರಿ. ಯಜಮಾನಿ ನಮ್ಮನ್ನು ಮಣೆ ಹಾಕಿ ಕೂರಿಸಿದರು. ಉದ್ದ ಹಿಡಿಯ ಸೌಟಿನಿಂದ ಮಡಕೆಯ ನೀರು ಬಗ್ಗಿಸಿ ನಮ್ಮ ಲೋಟಗಳಿಗೆ ಹಾಕುತ್ತಾ, ಆ ಬಸುರಿ ಹುಡುಗಿಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

“ನೋಡು, ಇದು ಇವತ್ತಿನದ್ದಲ್ಲ. ನಮ್ಮಜ್ಜಿ ಕಾಲದಿಂದಲೂ ನಮ್ಮನೇಲಿ ಬಸುರಿಗೆ ಕಾಯಿಸಿ, ಆರಿಸಿ, ಮಡಕೇಲಿಟ್ಟ ನೀರೇ ಕೊಡೋದು. ಹಸಿ ನೀರು ಮುಟ್ಟಿಸ್ತಾನೇ ಇರ್ಲಿಲ್ಲ. ಈ ಡಾಕ್ಟರುಗಳೆಲ್ಲ ಈಗೀಗ ಕಲಿತಿದಾರೆ.”

ಸಿಸ್ಟರ್ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಣಂತಿ ಪುಟ್ಟಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು. ಡಾಕ್ಟರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. “ಮೇಡಂ, ಇದು ಯಾವ ಜಾತಿ?”

ಅವರ ಮೂರು ಪ್ರಶ್ನೆಗಳನ್ನೂ ಮನಸ್ಸಿನಲ್ಲೇ ಕೇಳಿಕೊಂಡೆ. ಹೇಳುವವರಿಗೆ ಚೆನ್ನಾಗಿ ಗೊತ್ತು. ಲಾಭ ಆ ಹೊಸ ಬಸುರಿಗೆ. ನಷ್ಟ ಸ್ವಲ್ಪ ನಮ್ಮ ಮರ್ಯಾದೆಗೆ. ತೊಟ್ಟಿಲಲ್ಲಿ ಮಗು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು.

“ಹಲಗೆ ಒರೆಸಿ ಆಯ್ತಲ್ಲ ಸರ್” ಎಂದೆ. “ನೀರು ಕುಡೀರಿ.”

ಈ ಸಲ ನಾನು ಲೋಟ ಕೆಳಗಿಡಲಿಲ್ಲ. ಲಾವಂಚದ ಘಮ ಇನ್ನೂ ಸ್ವಲ್ಪ ಉಳಿದಿತ್ತು. ಡಾಕ್ಟರು ಎತ್ತಿ ಕುಡಿದು ಮುಗಿಸಿ, ಯಜಮಾನಿಯ ಮುಂದೆ ಲೋಟ ಚಾಚಿ ಇನ್ನೊಂದು ಸಲ ಹಾಕಿಸಿಕೊಂಡರು.